ಪ್ರಥಮ ಬಹುನಗರ ರೈಲುಯಾತ್ರಾ ಮೀಮಾಂಸೆ: ಸುಂಕದಕಟ್ಟೆ ಪಾಠ

ಕನ್ನಡದಲ್ಲಿ ಪ್ರವಾಸಕಥನಕ್ಕೇನೂ ಬರವಿಲ್ಲ. ಕಾರಂತರು ‘ಅಪೂರ್ವ ಪಶ್ಚಿಮ’ ಬರೆದರು. ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಎ.ಎನ್. ಮೂರ್ತಿರಾಯರು ತಮ್ಮನ್ನು ಅಪರವಯಸ್ಕನೆಂದು ಕರೆದುಕೊಂಡೇ ಯಾತ್ರೆ ಮುಗಿಸಿಬಂದರು. ಆದರೆ ಈ ಮಹನೀಯರ ಪುಸ್ತಕಗಳೆಲ್ಲ ಹೋದಮೇಲಿನ ಮಾತು. ಹೋಗುವ ಮೊದಲು ಮನೆಯ ಊಟದ ಮೇಜಿನ ಮೇಲೆ ನಡೆಯುವ ವಾದ, ಪ್ರತಿವಾದ, ವಿತಂಡವಾದಗಳಿಗೆ ಒಂದು ಶಾಸ್ತ್ರಗ್ರಂಥ ಬೇಡವೇ? ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನ. ವಿನಮ್ರ ಎಂಬುದು ವಿದ್ವತ್ ಪ್ರಬಂಧಗಳಲ್ಲಿ ರೂಢಿಯ ಮಾತು, ಅದನ್ನು ಅಷ್ಟಾಗಿ ನಂಬಬೇಕಿಲ್ಲ.

ಅಧ್ಯಯನಕ್ಕೆ ಆರಿಸಿಕೊಂಡವರು ಮಾಗಡಿ ರಸ್ತೆಯ ಸುಂಕದಕಟ್ಟೆಯ ದಂಪತಿ. ಯಜಮಾನರು ಪೀಣ್ಯದಲ್ಲಿ ಲೇತ್ ಕೆಲಸ ಕಲಿತು, ಈಗ ಸ್ವಂತ ಮಷಿನ್ ಹಾಕಿಕೊಂಡು ಜಾಬ್‌ವರ್ಕ್ ಮಾಡಿಸುವವರು. ಮನೆಯಾಕೆ ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. ಶಾಸ್ತ್ರದ ಸಂಪ್ರದಾಯದಂತೆ ಇಬ್ಬರ ಹೆಸರನ್ನೂ ಬಿಟ್ಟು, ಒಬ್ಬರನ್ನು ಪೂರ್ವಪಕ್ಷಿ ಎಂದೂ ಇನ್ನೊಬ್ಬರನ್ನು ಸಿದ್ಧಾಂತಿ ಎಂದೂ ಕರೆಯಲಾಗಿದೆ. ಯಾರು ಯಾವುದೆಂದು ಮದುವೆಯಾದವರಿಗೆ ಹೇಳಬೇಕಿಲ್ಲ.

ಮೊದಲಿಗೆ ದಾರಿಯ ವಿಚಾರ. ಯೂರೋಪ್ ಯಾತ್ರೆಯಲ್ಲಿ ಮೂರು ಮತಗಳು ಪ್ರಸಿದ್ಧ. ಪ್ಯಾಕೇಜ್ ಮತದವರು ಬಸ್ಸಿನಲ್ಲಿ ಕೂರುತ್ತಾರೆ, ಬಾವುಟ ಹಿಡಿದವನ ಹಿಂದೆ ನಡೆಯುತ್ತಾರೆ, ರಾತ್ರಿ ಅನ್ನ ಸಾರು ಸಿಗುತ್ತದೆ. ಈ ಮತದಲ್ಲಿ ಮೋಕ್ಷ ಖಚಿತ, ಸ್ವಾತಂತ್ರ್ಯ ಸೊನ್ನೆ. ಎರಡನೆಯದು ಪಾಸ್ ಮತ. 1959ರಲ್ಲಿ ಶುರುವಾದ ಯೂರೇಲ್ ಪಾಸ್ ಇಂದು 33 ದೇಶಗಳಲ್ಲಿ ನಡೆಯುತ್ತದೆ, ಯೂರೋಪಿನ ನಿವಾಸಿಗಳಲ್ಲದವರಿಗೆಂದೇ ಇರುವುದು. ಮೂರನೆಯದು ಬಿಡಿ ಟಿಕೆಟ್ ಮತ. ಯಾವ ಊರಿಗೆ ಯಾವತ್ತು ಎಂದು ಮೊದಲೇ ನಿಶ್ಚಯಿಸಿ, ಅಗ್ಗವಿರುವಾಗಲೇ ಒಂದೊಂದಾಗಿ ಕೊಂಡಿಡುವುದು.

ಪೂರ್ವಪಕ್ಷಿ ಕಟ್ಟಾ ಪಾಸ್ ಮತಸ್ಥರು. “ಪಾಸ್ ತಗೊಂಡ್ರೆ ಯಾವ ರೈಲು ಬೇಕಾದ್ರೂ ಹತ್ತಬಹುದು ಕಣೇ, ನಮ್ಮ ಬಿ.ಎಂ.ಟಿ.ಸಿ. ಪಾಸ್ ಇದ್ದಂಗೆ” ಎಂಬುದು ಅವರ ಮಹಾವಾಕ್ಯ. ಸಿದ್ಧಾಂತಿ ಕೇಳಿದ್ದು ಒಂದೇ ಪ್ರಶ್ನೆ: “ಸೀಟು ಕನ್ಫರ್ಮ್ ಆಗಿರುತ್ತೇನ್ರೀ?” ಪಾಸ್ ಮತದ ಅಡಿಪಾಯ ಅಲ್ಲಾಡಿದ್ದು ಇಲ್ಲಿಯೇ. ಸ್ವಿಟ್ಜರ್ಲೆಂಡ್, ಜರ್ಮನಿಗಳ ಹೆಚ್ಚಿನ ರೈಲುಗಳಲ್ಲಿ ಸೀಟು ಕಾದಿರಿಸಲೇಬೇಕೆಂಬ ನಿಯಮವಿಲ್ಲ, ಹತ್ತಿ ಕೂರಬಹುದು. ಆದರೆ ಫ್ರಾನ್ಸಿನ ಟಿ.ಜಿ.ವಿ., ಇಟಲಿಯ ಫ್ರೆಚ್ಚಾರೊಸ್ಸಾದಂಥ ವೇಗದ ರೈಲುಗಳಿಗೆ ಪಾಸ್ ಇದ್ದರೂ ಪ್ರತ್ಯೇಕ ಹಣ ಕೊಟ್ಟು ಸೀಟು ಕಾದಿರಿಸಬೇಕು. ಕಿಟಕಿಯಿಂದ ಕರ್ಚೀಫ್ ಎಸೆಯುವ ನಮ್ಮ ಪದ್ಧತಿಗೆ ಅಲ್ಲಿ ಮಾನ್ಯತೆ ಇಲ್ಲ, ಕಿಟಕಿ ತೆರೆಯುವುದೂ ಇಲ್ಲ. ಉದ್ದದ ಪಯಣ ಎರಡು ಮೂರೇ ಆದರೆ ಪಾಸ್ ದಂಡ ಎಂದು ಸಿದ್ಧಾಂತಿ ಹಳೇ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಕೂಡಿ ಕಳೆದು ತೋರಿಸಿದರು. ಬಿಡಿ ಟಿಕೆಟ್ ಮತ ಗೆದ್ದಿತು.

ಈಗ ಊರುಗಳ ಸಂಖ್ಯೆ. ಪೂರ್ವಪಕ್ಷಿಯ ಮೂಲಪಾಠದಲ್ಲಿ ಹತ್ತು ರಾತ್ರಿಗೆ ಆರು ಊರು: ಲಂಡನ್, ಪ್ಯಾರಿಸ್, ಆಮ್‌ಸ್ಟರ್‌ಡಾಮ್, ಇಂಟರ್‌ಲಾಕನ್, ವೆನಿಸ್, ರೋಮ್. ಸಿದ್ಧಾಂತಿಯ ಖಂಡನೆ ಹೀಗಿದೆ. ಹೋಟೆಲಿನವರು ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಮಾಡಿಸುತ್ತಾರೆ, ಮುಂದಿನೂರಿನವರು ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆಯುತ್ತಾರೆ. ಊರು ಬದಲಿಸಿದ ಪ್ರತಿಸಲವೂ ಅರ್ಧ ದಿನ ಹೋಯಿತು. ಆರು ಊರಿಗೆ ಐದು ಬದಲಾವಣೆ, ಎರಡೂವರೆ ದಿನ ಸೂಟ್‌ಕೇಸಿನ ಸೇವೆಗೆ. “ಇಷ್ಟು ದುಡ್ಡು ಕೊಟ್ಟು ಗಂಟುಮೂಟೆ ಕಟ್ಟೋಕೆ ಬಿಚ್ಚೋಕೆ ಹೋಗ್ಬೇಕೇನ್ರೀ?”

ಮೊದಲು ಬಿದ್ದದ್ದು ಲಂಡನ್. ಬ್ರಿಟನ್ ಷೆಂಗೆನ್ ಒಪ್ಪಂದದೊಳಗಿಲ್ಲ, ಅದಕ್ಕೆ ಬೇರೆ ವೀಸಾ, ಬೇರೆ ಶುಲ್ಕ. ಪೂರ್ವಪಕ್ಷಿ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ಕೊನೆಯ ಅಸ್ತ್ರವಾಗಿ ಬಿಟ್ಟರು. ಬಸವೇಶ್ವರನಗರ ಆಟೊ ದೂರದಲ್ಲಿದೆ ಎಂದು ಸಿದ್ಧಾಂತಿ ನೆನಪಿಸಿದರು. ಆಮ್‌ಸ್ಟರ್‌ಡಾಮ್, ರೋಮ್‌ಗಳ ಪತನ ಚುಟುಕಾಗಿ ನಡೆಯಿತು, ವಿವರಿಸುವಂಥದ್ದೇನಿಲ್ಲ. ಪ್ಯಾರಿಸ್ಸಿಗೆ ಇಳಿದು ವೆನಿಸ್‌ನಿಂದ ಹೊರಡುವ ವಿಮಾನ ಟಿಕೆಟ್ ಕೊಂಡರೆ ಬಂದ ದಾರಿಯಲ್ಲೇ ಹಿಂತಿರುಗುವುದು ತಪ್ಪುತ್ತದೆಂದು ಇಬ್ಬರೂ ಒಪ್ಪಿದರು. ಊರು, ದಾರಿಗಳ ಚರ್ಚೆಯಲ್ಲಿ ವಾದವಿಲ್ಲದೆ ಅಂಗೀಕಾರವಾದ ಸೂತ್ರ ಇದೊಂದೇ.

ರಾತ್ರಿಗಳ ಹಂಚಿಕೆಯಲ್ಲಿ ವಿಷಯ ಅಂತರರಾಷ್ಟ್ರೀಯ ಕಾನೂನಿಗೆ ಏರಿತು. 1985ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಹಡಗೊಂದರ ಮೇಲೆ ಸಹಿಯಾದ ಒಪ್ಪಂದದ ಫಲವಾಗಿ ಒಂದೇ ವೀಸಾದಲ್ಲಿ ಹಲವು ದೇಶ ಸುತ್ತಬಹುದು. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿ ಇಲ್ಲದಿದ್ದರೂ 2008ರಿಂದ ಈ ವ್ಯವಸ್ಥೆಯಲ್ಲಿದೆ. ಆದರೆ ಅರ್ಜಿ ಹಾಕಬೇಕಾದದ್ದು ಹೆಚ್ಚು ದಿನ ತಂಗುವ ದೇಶಕ್ಕೆ. ಸಮಸಮವಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ಯಾರಿಸ್ ನಾಲ್ಕು, ಇಂಟರ್‌ಲಾಕನ್ ನಾಲ್ಕು, ವೆನಿಸ್ ಎರಡು ಎಂದು ಪೂರ್ವಪಕ್ಷಿ ಲೆಕ್ಕ ಹಾಕಿ, ಸಮಸಮ ನ್ಯಾಯದಂತೆ ಫ್ರಾನ್ಸಿನ ಅಪಾಯಿಂಟ್‌ಮೆಂಟ್ ಹಿಡಿದರು. ಅದೇ ರಾತ್ರಿ ಸಿದ್ಧಾಂತಿ ಪ್ಯಾರಿಸ್ಸಿನ ಒಂದು ರಾತ್ರಿ ಕಿತ್ತು ವೆನಿಸ್‌ಗೆ ಕೊಟ್ಟರು. ಮೂರು, ನಾಲ್ಕು, ಮೂರು. ಸುಂಕದಕಟ್ಟೆಯ ಅಡುಗೆಮನೆಯಲ್ಲಿ ಒಂದು ರಾತ್ರಿ ಸ್ಥಳಾಂತರವಾದ ಕೂಡಲೇ ಫೈಲು ಫ್ರಾನ್ಸಿನಿಂದ ಸ್ವಿಟ್ಜರ್ಲೆಂಡಿನ ವ್ಯಾಪ್ತಿಗೆ ಜಿಗಿಯಿತು. ಅಪಾಯಿಂಟ್‌ಮೆಂಟ್ ರದ್ದು.

ದಾಖಲೆ ಪ್ರಕರಣ ಇನ್ನೂ ಗಹನ. 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಬೇಕು, ಅದು ಫೋನಿನಲ್ಲೇ ಸಿಕ್ಕಿತು. 2024ರ ಜೂನ್‌ನಿಂದ ವೀಸಾ ಶುಲ್ಕ ತಲೆಗೆ 90 ಯೂರೋ, ಅದನ್ನೂ ನುಂಗಿಕೊಂಡರು. ಸಮಸ್ಯೆ ಬಂದದ್ದು ಚೀಟಿ ದುಡ್ಡಿನಿಂದ. ಯಾತ್ರೆಗೆಂದೇ ಕಟ್ಟಿದ್ದ ಚೀಟಿಯನ್ನು ಪೂರ್ವಪಕ್ಷಿ ಎತ್ತಿ, ಅಷ್ಟನ್ನೂ ಒಂದೇ ಏಟಿಗೆ ಬ್ಯಾಂಕಿಗೆ ಹಾಕಿ, ಸ್ಟೇಟ್‌ಮೆಂಟ್ ದಪ್ಪವಾಗಿ ಕಾಣುತ್ತದೆಂದು ಬೀಗುತ್ತಿದ್ದರು. ಅರ್ಜಿಯ ಮುಂಚೆ ಇದ್ದಕ್ಕಿದ್ದಂತೆ ಬಂದು ಕೂತ ದೊಡ್ಡ ಮೊತ್ತವೇ ವೀಸಾ ಅಧಿಕಾರಿಯ ಅನುಮಾನಕ್ಕೆ ಮೊದಲ ಕಾರಣ ಎಂದು ಆಡಿಟರು ಹೇಳಿದಾಗ ಬೀಗುವುದು ನಿಂತಿತು. ಮೂರು ವರ್ಷದ ಐ.ಟಿ. ರಿಟರ್ನ್, ಜಿ.ಎಸ್.ಟಿ. ನೋಂದಣಿ, ಚೀಟಿಯ ಪಾಸ್‌ಬುಕ್ ಜೊತೆಗೆ ಒಂದು ವಿವರಣಾ ಪತ್ರ ಸೇರಿತು. ಚೀಟಿ ಅಂದರೇನೆಂದು ಸ್ವಿಸ್ ಅಧಿಕಾರಿಗೆ ಇಂಗ್ಲಿಷಿನಲ್ಲಿ ತಿಳಿಹೇಳುವ ಆ ಒಂದೂವರೆ ಪುಟ ಅರ್ಥಶಾಸ್ತ್ರಕ್ಕೆ ಈ ಮನೆಯ ಸ್ವತಂತ್ರ ಕೊಡುಗೆ.

ಅಡ್ಡಹೆಸರಿನ ಕಾಲಂ ಕೂಡ ಕಾಡಿತು. ಹಳೇ ಮೈಸೂರಿನವರ ಇನಿಷಿಯಲ್ಲಿನಲ್ಲಿ ಊರೂ ಇರುತ್ತದೆ, ಅಪ್ಪನೂ ಇರುತ್ತಾನೆ, ವಂಶನಾಮ ಮಾತ್ರ ಇರುವುದಿಲ್ಲ. ಪಾಸ್‌ಪೋರ್ಟಿಗಾಗಿ ಇನಿಷಿಯಲ್ ಬಿಡಿಸಿದಾಗ ಪೂರ್ವಪಕ್ಷಿಯ ಊರು ಅಡ್ಡಹೆಸರಿನ ಜಾಗಕ್ಕೆ ಹೋಗಿ ಕೂತಿತ್ತು. ಇಂಟರ್‌ಲಾಕನ್ನಿನ ಹೋಟೆಲಿನಿಂದ “ಮಾನ್ಯ ಶ್ರೀ ಮಾಗಡಿ” ಎಂದು ಮೇಲ್ ಬಂತು. ಅವರು ಅದನ್ನು ಇಡೀ ತಾಲ್ಲೂಕಿಗೆ ಸಂದ ಗೌರವವೆಂದು ತಿಳಿದರು.

ಸಿದ್ಧಾಂತಿಗಿದ್ದ ತೊಡಕು ಬೇರೆ. ಏಪ್ರಿಲ್‌ನಲ್ಲಿ ಎಸ್.ಎಸ್.ಎಲ್.ಸಿ. ಮೌಲ್ಯಮಾಪನ, ಜೂನ್ ಹತ್ತಿರ ಬಂದರೆ ಶಾಲೆ ಶುರು. ನಡುವಿನ ಮೇ ತಿಂಗಳೇ ಗತಿ. ಮೇ ಪ್ರಶಸ್ತವೆಂದು ಶಾಸ್ತ್ರಕಾರರು ಒಪ್ಪುತ್ತಾರೆ, ಹಗಲು ಉದ್ದ. ಇಂಟರ್‌ಲಾಕನ್ ಬಳಿಯ, 3,454 ಮೀಟರ್ ಎತ್ತರದ ಯುಂಗ್‌ಫ್ರೌಯೋಕ್‌ನಲ್ಲಿ ಹಿಮಕ್ಕೆ ಯಾವ ತಿಂಗಳೂ ಕೊರತೆಯಿಲ್ಲ. ಬಂಡೆ ಕೊರೆದು ಅಲ್ಲಿಗೆ 1912ರಲ್ಲೇ ರೈಲು ಮುಟ್ಟಿಸಿದ್ದಾರೆ ಎಂದಾಗ ಲೇತ್ ಮುಂದೆ ಬೆಳೆದ ಪೂರ್ವಪಕ್ಷಿ ಎದ್ದು ನಿಂತು ಕೈಮುಗಿದದ್ದು ಉಲ್ಲೇಖಾರ್ಹ.

ಆಹಾರ ಪ್ರಕರಣಕ್ಕೆ ಬರೋಣ. ಹೊರಗಿನ ದೇಶಗಳಿಂದ ಪ್ರಯಾಣಿಕರು ಮಾಂಸ, ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ತಾಜಾ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದೇ ಹಣ್ಣಿಗೆ: ಅನಾನಸ್, ತೆಂಗಿನಕಾಯಿ, ಡುರಿಯನ್, ಬಾಳೆಹಣ್ಣು, ಖರ್ಜೂರ. ಹಣ್ಣುಕಾಯಿ ಮಾಡಿಸಲು ಬ್ರಸೆಲ್ಸ್‌ನ ಅಭ್ಯಂತರವಿಲ್ಲ, ಒಗ್ಗರಣೆಯ ಕರಿಬೇವಿಗೆ ಇದೆ ಎಂದು ಇದರಿಂದ ಸಿದ್ಧವಾಗುತ್ತದೆ. ಮೈಸೂರ್‌ಪಾಕಿನೊಳಗಿನ ತುಪ್ಪ ಇನ್ನೂ ಹಾಲಿನ ಪದಾರ್ಥವೋ ಅಥವಾ ಪಾಕದಲ್ಲಿ ಲೀನವಾಗಿ ಪೂರ್ವಾಶ್ರಮ ಕಳೆದುಕೊಂಡಿತೋ ಎಂಬ ಚರ್ಚೆ ರಾತ್ರಿ ಹತ್ತೂವರೆವರೆಗೆ ನಡೆಯಿತು. ಸಿದ್ಧಾಂತಿ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟು ಚರ್ಚೆ ಮುಗಿಸಿದರು. ಹೊರಟದ್ದು ಚಟ್ನಿಪುಡಿ, ನಿಪ್ಪಟ್ಟು, ಗೊಜ್ಜವಲಕ್ಕಿ ಪುಡಿ. ಪುಳಿಯೋಗರೆ ಗೊಜ್ಜು ಮಾತ್ರ ಚೆಕ್-ಇನ್ ಪೆಟ್ಟಿಗೆಗೆ, ಏಕೆಂದರೆ ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ಗೊಜ್ಜೂ ದ್ರವವೇ.

ನೀರು ಕಾಯಿಸುವ ಕೆಟಲ್ ಪೂರ್ವಪಕ್ಷಿಯ ಜವಾಬ್ದಾರಿ. ಅವರು ವರ್ಕ್‌ಶಾಪಿನಿಂದ ವರ್ನಿಯರ್ ತಂದು, ಕನ್ನಡಕ ಹಣೆಗೇರಿಸಿ, ಪ್ಲಗ್ಗನ್ನು ಟ್ಯೂಬ್‌ಲೈಟಿಗೆ ಹಿಡಿದು ಅಳೆದರು. ನಮ್ಮ ಮೂರು ಪಿನ್ನಿನ ಪ್ಲಗ್ಗಿನ ಕೆಳಗಿನೆರಡು ಪಿನ್ 5 ಮಿ.ಮೀ. ದಪ್ಪ, ಮೇಲಿನದು 7. ಅತ್ತ ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿಗಳಲ್ಲಿ ಮೂರು ಬಗೆಯ ಸಾಕೆಟ್. 4 ಮಿ.ಮೀ. ಪಿನ್ನಿನ ಚಪ್ಪಟೆ ಎರಡು ಪಿನ್ ಪ್ಲಗ್ ಮಾತ್ರ ಮೂರಕ್ಕೂ ಹೊಂದುತ್ತದೆ, ಆದರೆ ಕೆಟಲಿನ ಕರೆಂಟನ್ನು ಅದು ತಾಳುವುದಿಲ್ಲ. ಮೂರು ಅಡಾಪ್ಟರ್ ಕೊಳ್ಳಲಾಯಿತು. ಈ ಒಂದು ಪ್ರಕರಣದಲ್ಲಿ ಸಿದ್ಧಾಂತಿ ಮರುಮಾತಾಡಲಿಲ್ಲ.

ಪೂರ್ವಪಕ್ಷಿಗೆ ಸಂದ ಇನ್ನೊಂದು ಜಯ ಬಾಸೆಲ್. ಪ್ಯಾರಿಸ್ಸಿನಿಂದ ಇಂಟರ್‌ಲಾಕನ್ನಿಗೆ ಹೋಗುವವರು ಸಾಮಾನ್ಯವಾಗಿ ಬಾಸೆಲಿನಲ್ಲಿ ರೈಲು ಬದಲಿಸುತ್ತಾರೆ. ಎಲ್ಲರೂ ಪ್ಲಾಟ್‌ಫಾರಂ ಹುಡುಕಿ ಓಡುತ್ತಾರೆ. ಆದರೆ 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿನ ಊರು ಇದೇ. ಆ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಮೊದಲ ಕನ್ನಡ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೊಗ್ಲಿಂಗ್ ಅವರವನು. 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ ಅವರವನು. 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದೂ ಅವರೇ. ಯುಂಗ್‌ಫ್ರೌಗೆ ಜನ ಹೇಗೂ ಹೋಗುತ್ತಾರೆ. ಕನ್ನಡಿಗರಾದವರು ಲಗೇಜನ್ನು ಸ್ಟೇಷನ್ನಿನ ಲಾಕರಿಗೆ ಹಾಕಿ ಮಿಷನ್ನಿನ ಬೀದಿಯಾದ ಮಿಷನ್‌ಸ್ಟ್ರಾಸ್ಸೆಯವರೆಗೆ ನಡೆದು ಬರದಿದ್ದರೆ ತಪ್ಪಾಗುತ್ತದೆ ಎಂಬುದು ಪ್ರಬಂಧಕಾರರ ಖಚಿತ ಮತ. ಸಿದ್ಧಾಂತಿ ಎರಡು ಗಂಟೆ ಮಂಜೂರು ಮಾಡಿದರು, ಊಟದ ಸಮಯವೂ ಸೇರಿ.

ಕಡೆಯ ಪ್ರಕರಣ ಸ್ಟೇಷನ್ನುಗಳದು. ಬೆಂಗಳೂರಿನವರಿಗೆ ಈ ಪಾಠ ಗೊತ್ತಿರಬೇಕು. ಮೆಜೆಸ್ಟಿಕ್ಕಿಗೆ ಹೋಗಿ ನಿಂತಾಗ ರೈಲು ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ಲಿನಿಂದ ಹೊರಟುಹೋದ ಕಥೆ ಪ್ರತಿ ಬೀದಿಯಲ್ಲೂ ಇದೆ. ಪ್ಯಾರಿಸ್ಸಿನಲ್ಲೂ ಹಾಗೆಯೇ. ಉತ್ತರದ ರೈಲಿಗೆ ಗಾರ್ ದು ನಾರ್, ಬಾಸೆಲ್ ಕಡೆಯ ರೈಲಿಗೆ ಗಾರ್ ದ ಲಿಯೋಂ. ಹೆಸರಲ್ಲಿ ಲಿಯೋಂ ಇದೆ ಎಂದು ಅದನ್ನು ಲಿಯೋಂ ಊರಿನಲ್ಲಿ ಹುಡುಕಬಾರದು. ಇಂಟರ್‌ಲಾಕನ್ನಿನಿಂದ ಸ್ಪೀಜ್ ಮಾರ್ಗವಾಗಿ, 1906ರ ಸಿಂಪ್ಲಾನ್ ಸುರಂಗ ದಾಟಿ ಮಿಲಾನ್, ಅಲ್ಲಿಂದ ವೆನಿಸ್. ಇಟಲಿಯ ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರಮ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು, ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದೂ ದಂಡ.

ವೆನಿಸ್‌ಗೆ ಎರಡು ಸ್ಟೇಷನ್. ಮೇಸ್ಟ್ರೆ ಇರುವುದು ಈಚೆಯ ನೆಲದ ಮೇಲೆ. ಸಮುದ್ರದ ಮೇಲಿನ ಸೇತುವೆ ದಾಟಿದ ಮೇಲೆ ಬರುವುದು ಸಾಂತಾ ಲೂಚಿಯಾ, ಅದರ ಮೆಟ್ಟಿಲ ಕೆಳಗೇ ಕಾಲುವೆ, ದೋಣಿ. ಟಿಕೆಟ್ ಕೊಳ್ಳುವವರು ಹಣ ಕಟ್ಟುವ ಮುನ್ನ ‘ವೆನೆಜಿಯಾ ಸಾಂತಾ ಲೂಚಿಯಾ’ ಎಂದಿದೆಯೇ ಎಂದು ಒಮ್ಮೆ ಓದಿಕೊಳ್ಳಿ.