ಎಂಟಡಿಯ ರಾಜಕಾಲುವೆ

ಗೃಹಪ್ರವೇಶದ ದಿನ ಕಿರುಬೆರಳಿಗೆ ಸರಿಯುವ ಬಾಲ್ಕನಿಯ ಸ್ಲೈಡಿಂಗ್ ಡೋರು ಮೂರನೆಯ ಮಳೆಗಾಲದ ಹೊತ್ತಿಗೆ ಎರಡು ಕೈ, ಒಂದು ಭುಜ, ಗೋಡೆಗೆ ಒದೆಗೊಟ್ಟ ಒಂದು ಕಾಲು ಮತ್ತು ಮನೆದೇವರ ಹೆಸರು ಇಷ್ಟನ್ನೂ ಒಟ್ಟಿಗೆ ಕೇಳುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದನ್ನು ಯಾರೂ ಕೆಟ್ಟಿದೆ ಎನ್ನುವುದಿಲ್ಲ. “ಸ್ವಲ್ಪ ಟೈಟಾಗಿದೆ” ಎನ್ನುತ್ತಾರೆ. ನೆಂಟರು ಕೈ ಹಾಕಲು ಹೋದರೆ, “ನೀವು ಬಿಡಿ, ಅದಕ್ಕೊಂದು ಟ್ರಿಕ್ ಇದೆ” ಎಂದು ಯಜಮಾನರು ಪಂಚೆ ಎತ್ತಿ ಕಟ್ಟಿಕೊಂಡು ಎದ್ದು ಬರುತ್ತಾರೆ. ಟ್ರಿಕ್ ಏನೆಂದರೆ ಬಾಗಿಲನ್ನು ತುಸು ಎತ್ತುವುದು, ಒದೆಯುವುದು, ಎಳೆಯುವುದು. ರಿಪೇರಿಗೆ ಬೇಕಾದ ಅರ್ಧ ಗಂಟೆಯನ್ನು ಉಳಿಸಿದ ಮಹಾನುಭಾವರು ಬೆಳಿಗ್ಗೆ ಸಂಜೆ ಈ ಕಸರತ್ತು ಮಾಡಿ, ತಮ್ಮ ಕೈಚಳಕಕ್ಕೆ ತಾವೇ ತಲೆದೂಗುತ್ತಾರೆ.

ಈ ಬಾಗಿಲು ಆಡಿ ಬೆಳೆದ ಊರು ಬೇರೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದಂತಸ್ತಿನ ಮನೆಗಳು ಸಾಲುಸಾಲಾಗಿ ಎದ್ದವಲ್ಲ, ಆಗ ಹಾಲ್‌ಗೂ ಹಿತ್ತಲಿನ ಅಂಗಳಕ್ಕೂ ನಡುವೆ ಗೋಡೆ ಯಾಕೆ, ಜಾರುವ ಗಾಜೇ ಸಾಕು ಎಂಬ ಷೋಕಿ ಹಬ್ಬಿತು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ, ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆ ಮಾಡುವ ವಿಧಾನವನ್ನು ಲೋಕಕ್ಕೆ ಪ್ರಕಟಿಸಿತು. ದೊಡ್ಡ ಗಾಜು ಕ್ರಮೇಣ ಸಾಮಾನ್ಯರ ಕೈಗೂ ಎಟುಕಿತು. ಲಾಸ್ ಏಂಜಲಿಸ್‌ನಲ್ಲಿ ವರ್ಷವಿಡೀ ಬೀಳುವ ಮಳೆ ಬೆಂಗಳೂರಿನದರ ಅರ್ಧವೂ ಇಲ್ಲ. ನಮ್ಮ ಬಿಲ್ಡರು ಆ ಬಾಗಿಲನ್ನು ತಂದು ಹದಿನಾಲ್ಕನೆಯ ಮಹಡಿಯಲ್ಲಿ, ಮೇ ತಿಂಗಳ ಗಾಳಿಮಳೆ ಅಡ್ಡಡ್ಡ ಬಂದು ಅಪ್ಪಳಿಸುವ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಿದರು. ಬ್ರೋಷರಿನಲ್ಲಿ ಅದರ ಆಚೆಗೆ ಕೆರೆಯಿತ್ತು. ಸಾಲ ಮಂಜೂರಾಗಿ ಬಂದು ನೋಡಿದರೆ ಬಿ ಬ್ಲಾಕಿನವರು ಒಣಹಾಕಿದ ಬನಿಯನ್ನುಗಳಿದ್ದವು. ಬ್ರೋಷರು ಸುಳ್ಳು ಹೇಳಿರಲಿಲ್ಲ. ಕೆರೆ ಇದ್ದೇ ಇದೆ, ಬಿ ಬ್ಲಾಕಿನ ಅಡಿಯಲ್ಲಿ.

ಬಾಗಿಲಿನ ಗುಟ್ಟೆಲ್ಲ ಅದರ ಪಾದದಲ್ಲಿದೆ. ಆರು ಮಿಲಿಮೀಟರ್ ದಪ್ಪದ ಗಾಜು ಚದರ ಮೀಟರಿಗೆ 15 ಕಿಲೋ ತೂಗುತ್ತದೆ. ನಾಲ್ಕಡಿ ಅಗಲ, ಏಳಡಿ ಎತ್ತರದ ಒಂದು ಶಟರಿನ ಗಾಜೊಂದೇ 39 ಕಿಲೋ ಆಯಿತು. ಅದಕ್ಕೆ ಚೌಕಟ್ಟು ಬೇರೆ. ಇಷ್ಟು ಭಾರವನ್ನು ಹೊತ್ತು ಓಡಾಡುವವು ಕೆಳತುದಿಗಳಲ್ಲಿ ಅಡಗಿರುವ ಪುಟ್ಟ ರೋಲರುಗಳು. ಅವು ಓಡುವುದು ಟ್ರ್ಯಾಕಿನ ಮೇಲೆ. ಟ್ರ್ಯಾಕಿನ ಹೊರಗಿನ ಅಂಚಿನಲ್ಲಿ ಸಣ್ಣ ಸೀಳುಗಂಡಿಗಳಿರುತ್ತವೆ. ಈ ಬಾಗಿಲನ್ನು ರೂಪಿಸಿದವರಿಗೆ ಮಳೆನೀರು ಒಳಗೆ ಬಾರದು ಎಂಬ ಭ್ರಮೆ ಇರಲಿಲ್ಲ. ಬಂದದ್ದು ಟ್ರ್ಯಾಕಿಗೆ ಇಳಿಯಲಿ, ಇಳಿದದ್ದು ಆ ಗಂಡಿಗಳಿಂದ ಹೊರಗೆ ಹರಿಯಲಿ ಎಂದು ಲೆಕ್ಕ ಹಾಕಿದ್ದರು. ಅಂದರೆ ಪ್ರತಿ ಫ್ಲ್ಯಾಟಿನ ಹಾಲ್‌ಗೂ ಎಂಟಡಿ ಉದ್ದದ ಸ್ವಂತ ರಾಜಕಾಲುವೆಯೊಂದನ್ನು ನೋಂದಣಿ ಸಮೇತ ಬರೆದುಕೊಟ್ಟಿದ್ದಾರೆ. ಅದನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದೇ ಈಗಿನ ಮಾತು.

ಬೆಂಗಳೂರಿನ ರಾಜಕಾಲುವೆಯನ್ನು ಮೊದಲು ಮುಚ್ಚಿದ್ದು ಕಸ. ಇಲ್ಲೂ ಅದೇ. ಮುಂಬಾಗಿಲ ಹೊಸ್ತಿಲಿಗೆ ದಿನಾ ಬೆಳಿಗ್ಗೆ ಅರಿಶಿನ, ಕುಂಕುಮ, ಎರಡೆಳೆ ರಂಗೋಲಿ. ಅದೇ ಮನೆಯ ಹಿಂಬದಿಯ ಟ್ರ್ಯಾಕಿಗೆ ಮೆಟ್ರೊ ಕಾಮಗಾರಿಯ ಧೂಳು, ಪಾರಿವಾಳದ ಪುಕ್ಕ, ತಲೆಗೂದಲು, ಅವಲಕ್ಕಿ, ಮಗು ಕಳೆದುಕೊಂಡ ಆಟದ ಕಾರಿನ ಒಂದು ಚಕ್ರ. ಕೆಲಸದಾಕೆ ಗುಡಿಸುತ್ತ ಬಂದ ಕಸ ಟ್ರ್ಯಾಕಿನವರೆಗೆ ಬಂದು ಅದರೊಳಗೆ ಬೀಳುತ್ತದೆ. ಒದ್ದೆ ಮಾಪು ಉಳಿದದ್ದನ್ನೂ ತಳ್ಳಿ, ಮೇಲೊಂದಿಷ್ಟು ಕೆಸರು ಮೆತ್ತುತ್ತದೆ. ಆಕೆಯನ್ನು ಅನ್ನುವಂತಿಲ್ಲ. ಸಂಬಳ ಮಾತಾಡುವಾಗ ನೆಲ, ಪಾತ್ರೆ, ಬಟ್ಟೆ ಎಂದು ಎಣಿಸಿದ ಅಮ್ಮಾವ್ರು ಟ್ರ್ಯಾಕಿನ ಹೆಸರೆತ್ತಿರಲಿಲ್ಲ. ಎತ್ತಿದ್ದರೆ ಇನ್ನೂರು ರೂಪಾಯಿ ಹೆಚ್ಚು ಕೊಡಬೇಕಾಗುತ್ತಿತ್ತು. ಹೀಗಾಗಿ ಹಾಲ್ ಫಳಫಳ ಹೊಳೆಯುತ್ತದೆ, ಹಾಲ್‌ನ ಮಂಡೂರು ಟ್ರ್ಯಾಕಿನಲ್ಲಿ ಬೆಳೆಯುತ್ತದೆ. ನಗರದ ಕಸ ಹೊತ್ತು ಸಾಕಾದ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದರು. ಟ್ರ್ಯಾಕಿಗೆ ಬೀದಿಗಿಳಿಯಲು ಕಾಲಿಲ್ಲ. ಅದು ಇದ್ದಲ್ಲೇ ಧರಣಿ ಕೂತಿತು. ಅದನ್ನೇ ನಾವು “ಟೈಟಾಗಿದೆ” ಎನ್ನುತ್ತಿರುವುದು.

ಧರಣಿ ಕೂತ ಮೇಲೆ ನಿಯೋಗಗಳು ಬರಬೇಕಲ್ಲ. ಮೊದಲ ನಿಯೋಗ ಮನೆಯ ಹಿರಿಯರದು, ಕೈಯಲ್ಲಿ ಕೊಬ್ಬರಿ ಎಣ್ಣೆ. “ಎಣ್ಣೆ ಕಾಣದ ಬಾಗಿಲು ಕಿರುಗುಟ್ಟದೆ ಇನ್ನೇನು ಮಾಡುತ್ತೆ? ನಮ್ಮ ಊರ ಮನೆ ಬಾಗಿಲು ಎಂಬತ್ತು ವರ್ಷ ಬಾಳಿದೆ” ಎನ್ನುತ್ತ ಅರ್ಧ ಬಟ್ಟಲು ಸುರಿಯುತ್ತಾರೆ. ಊರ ಮನೆಯದು ಹಲಸಿನ ಮರದ ಬಾಗಿಲು, ಅದಕ್ಕೆ ತಿರುಗಣಿ. ಇಲ್ಲಿರುವುದು ಧೂಳು ತುಂಬಿದ ಕಾಲುವೆ. ಎಣ್ಣೆಗೆ ಧೂಳು ಕಲಸಿ ಎರಡು ದಿನ ಬಾಗಿಲು ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಜಾರುತ್ತದೆ. ಮೂರನೆಯ ದಿನದಿಂದ ರೋಲರಿನ ಸುತ್ತ ಕರಿ ಅಂಟು ಕಟ್ಟುತ್ತದೆ. ಆಮೇಲೆ ಮೊಮ್ಮಗನ ಸರದಿ. ಅವನು ಆನ್‌ಲೈನಿನಲ್ಲಿ ನೀಲಿ-ಹಳದಿ ಡಬ್ಬಿಯ ಡಬ್ಲ್ಯುಡಿ-40 ತರಿಸಿ, ಅಜ್ಜನನ್ನು ಕನಿಕರದಿಂದ ನೋಡುತ್ತಾನೆ. ಅದು 1953ರಲ್ಲಿ ಅಮೆರಿಕದಲ್ಲಿ ತಯಾರಾದದ್ದು ಅಟ್ಲಾಸ್ ಕ್ಷಿಪಣಿಯ ಮೈಗೆ ನೀರು ತಾಗಿ ತುಕ್ಕು ಹಿಡಿಯದಿರಲಿ ಎಂದು. ಜಿಡ್ಡು ಬಿಡಿಸಲು, ತೇವ ಓಡಿಸಲು ಒಳ್ಳೆಯದೇ. ಆದರೆ ಗುಡಿಸದ ಟ್ರ್ಯಾಕಿಗೆ ಹೊಡೆದರೆ ಅದೂ ಒಂದು ಪದರ ಎಣ್ಣೆಯನ್ನೇ ಬಿಟ್ಟುಹೋಗುತ್ತದೆ. ಮುಂದಿನ ವಾರದ ಧೂಳು ಅದರ ಮೇಲೆ ಬಂದು ಕೂರುತ್ತದೆ. ಅಜ್ಜನದು ಗಾಣದ ಎಣ್ಣೆ, ಮೊಮ್ಮಗನದು ಕ್ಷಿಪಣಿಯ ಎಣ್ಣೆ. ಕಸ ಎತ್ತುವ ವಿಚಾರದಲ್ಲಿ ಎರಡು ತಲೆಮಾರಿಗೂ ಭಿನ್ನಾಭಿಪ್ರಾಯವಿಲ್ಲ: ಇಬ್ಬರೂ ಎತ್ತುವುದಿಲ್ಲ.

ಅಷ್ಟರಲ್ಲಿ ಮಳೆ ಬರುತ್ತದೆ. ಗಂಡಿಗಳು ಕಟ್ಟಿರುವುದರಿಂದ ಟ್ರ್ಯಾಕ್ ತುಂಬಿ ಹಾಲ್‌ಗೆ ಕೋಡಿ ಬೀಳುತ್ತದೆ. ಸೋಫಾದ ಕೆಳಗೆ ಟವೆಲ್ಲು, ಟವೆಲ್ಲಿನ ಕೆಳಗೆ ಹಳೆಯ ಪೇಪರು. ಕರೆಸಿದ ಮಿಸ್ತ್ರಿ ಮಂಡಿಯೂರಿ, ಮೊಬೈಲ್ ಟಾರ್ಚು ಹಾಕಿ, ತನಿಖೆ ನಡೆಸಿ ಹೇಳುತ್ತಾರೆ: “ಸಾರ್, ಇಲ್ಲಿ ನೋಡಿ, ತೂತಿದೆ. ಇದರಿಂದಾನೇ ನೀರು ಬರ್ತಿರೋದು.” ಸಾರ್ ಬಗ್ಗಿ ನೋಡುತ್ತಾರೆ. ಹೌದಲ್ಲ, ತೂತು! ಲಕ್ಷಾಂತರ ರೂಪಾಯಿ ಕೊಟ್ಟ ಮನೆಯಲ್ಲಿ ತೂತು! “ಮುಚ್ಚಿಬಿಡಪ್ಪಾ.” ಗನ್ನಿನಿಂದ ಬಿಳಿ ಸಿಲಿಕೋನ್ ಸುರಿದು ಸೀಳುಗಂಡಿಗಳನ್ನೆಲ್ಲ ಅಂದವಾಗಿ ಮುಚ್ಚಲಾಗುತ್ತದೆ. ನೀರು ಹೊರಹೋಗುವ ದಾರಿಯನ್ನೇ ನೀರಿನ ಮೂಲವೆಂದು ತೀರ್ಮಾನಿಸಿ ಸಮಾಧಿ ಮಾಡುವ ಈ ಶಾಸ್ತ್ರ ನಮಗೆ ಹೊಸದೇನಲ್ಲ. ಕೆರೆಯಿಂದ ಕೆರೆಗೆ ಹರಿಯುತ್ತಿದ್ದ ಕಾಲುವೆಗಳ ಮೇಲೆ ಇಡೀ ಬಡಾವಣೆಗಳನ್ನು ಎಬ್ಬಿಸಿದ್ದು ಇದೇ ಶಾಸ್ತ್ರಬಲದಿಂದ. 2022ರ ಸೆಪ್ಟೆಂಬರಿನಲ್ಲಿ ಕೋಟಿ ಬೆಲೆಯ ವಿಲ್ಲಾಗಳ ಜನ ದೋಣಿ ಹತ್ತಿದ್ದು, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗಿದ್ದು ಅದರ ಪ್ರಾಯೋಗಿಕ ಪರೀಕ್ಷೆ. ಹಾಲ್‌ನಲ್ಲಿ ಟ್ರ್ಯಾಕ್ಟರಿಗೆ ಜಾಗವಿಲ್ಲ ಎಂಬುದಷ್ಟೇ ವ್ಯತ್ಯಾಸ.

ಮುಂದಿನ ಮಳೆಗೆ ನೆರೆ ಇಮ್ಮಡಿಯಾದಾಗ ಯಜಮಾನರಿಗೆ ಕಾನೂನು ನೆನಪಾಗುತ್ತದೆ. 2016ರ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ನಿಜಕ್ಕೂ ಗಟ್ಟಿ ಸರಕು. ಮನೆ ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ಬಿಲ್ಡರ್ ಗಮನಕ್ಕೆ ತಂದರೆ, 30 ದಿನದಲ್ಲಿ ಬೇರೆ ದುಡ್ಡು ಕೇಳದೆ ಅವರು ಸರಿಪಡಿಸಬೇಕು. ಚೌಕಟ್ಟನ್ನು ಮಟ್ಟ ನೋಡದೆ ಕೂರಿಸಿದ್ದರೆ, ಗಂಡಿಗಳನ್ನೇ ಕೊರೆಯದಿದ್ದರೆ, ಅಥವಾ ಬಾಲ್ಕನಿಯ ನೆಲ ಹೊರಕ್ಕೆ ವಾಟ ಬಿಡದೆ ಒಳಕ್ಕೆ ಬಿಟ್ಟಿದ್ದರೆ ಬಿಲ್ಡರನ್ನು ಧಾರಾಳವಾಗಿ ಹಿಡಿಯಬಹುದು. ಆದರೆ ಕೀಲಿ ಕೊಟ್ಟ ದಿನ ಯಜಮಾನರು ಪರೀಕ್ಷೆ ಮಾಡಿದ್ದು ಸೆಲ್ಫಿಯ ಬೆಳಕನ್ನು. ಬಾಲ್ಕನಿಗೆ ನೀರು ಸುರಿದು ಅದು ಯಾವ ಕಡೆ ಹೋಗುತ್ತದೆಂದು ನೋಡಿರಲಿಲ್ಲ. ಕಾಯ್ದೆಯ ಸುದ್ದಿ ಅವರ ವಾಟ್ಸ್ಯಾಪಿಗೆ ಬಂದದ್ದು ಆರನೆಯ ವರ್ಷ. ಬಿಲ್ಡರ್ ಕಡೆಯ ಎಂಜಿನಿಯರು ಬಂದರೂ ಸಿಲಿಕೋನಿನ ಬಿಳಿ ಗೋರಿಗಳನ್ನು ತೋರಿಸಿ, “ಇದು ನಮ್ಮ ಕೆಲಸ ಅಲ್ಲ ಸರ್” ಎನ್ನುತ್ತಾರೆ. ವೃತ್ತಿಜೀವನದಲ್ಲಿ ಬಿಲ್ಡರ್ ಕಡೆಯವರು ಪೂರ್ತಿ ಸತ್ಯ ನುಡಿಯುವ ಅಪರೂಪದ ಗಳಿಗೆಯದು.

ಇನ್ನು ಉಳಿದದ್ದು ಅಲ್ಯೂಮಿನಿಯಂ ಅಂಗಡಿ. ಅಲ್ಲಿ ರೋಗ ಯಾವುದಾದರೂ ಔಷಧ ಒಂದೇ: “ಈ ಮಾಡೆಲ್ ಈಗ ಬರಲ್ಲ ಸಾರ್. ಯುಪಿವಿಸಿ ಹಾಕ್ಸಿಬಿಡಿ, ಲೈಫ್‌ಲಾಂಗ್ ಚಿಂತೆ ಇಲ್ಲ.” ಯುಪಿವಿಸಿ ಬಾಗಿಲಿಗೂ ರೋಲರಿದೆ, ಟ್ರ್ಯಾಕಿದೆ, ಸೀಳುಗಂಡಿಯಿದೆ ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ, ಗಿರಾಕಿ ಕೇಳುವುದಿಲ್ಲ. ಬಾಗಿಲು ಹೊಸದಾದರೆ ಅದೇ ಪೊರಕೆ, ಅದೇ ಮಾಪು ಮತ್ತೆ ಮೂರು ಮಳೆಗಾಲಕ್ಕೆ ಕೆಲಸ ಶುರು ಮಾಡುತ್ತವೆ. ಲಕ್ಷ ರೂಪಾಯಿಯ ಹೊಸ ಬಾಗಿಲಿಗೆ ಗಂಡ ಹೆಂಡತಿ ಇಬ್ಬರೂ ಒಪ್ಪುತ್ತಾರೆ. ಅರ್ಧ ಗಂಟೆ ಮಂಡಿಯೂರಿ ಹಳೆಯದನ್ನು ಉಜ್ಜುವ ಪ್ರಸ್ತಾಪಕ್ಕೆ ಮನೆಯಲ್ಲಿ ಬಹುಮತ ಸಿಗುವುದಿಲ್ಲ.

ಆ ಅರ್ಧ ಗಂಟೆಯಲ್ಲಿ ಮಾಡಬೇಕಾದ್ದು ಇಷ್ಟೇ. ಟ್ರ್ಯಾಕಿನ ಒಣ ಕಸವನ್ನು ಹಳೆಯ ಟೂತ್‌ಬ್ರಷ್ಷಿನಿಂದ ಕೆದಕಿ, ವ್ಯಾಕ್ಯೂಮ್ ಇದ್ದರೆ ಅದರಿಂದ, ಇಲ್ಲದಿದ್ದರೆ ಬೆರಳಿನಿಂದಲೇ ಎತ್ತುವುದು. ನೀರು ಆಮೇಲೆ, ಮೊದಲೇ ಸುರಿದರೆ ಕೆಸರು. ತೆಂಗಿನ ಪೊರಕೆಯ ಒಂದು ಕಡ್ಡಿ ಮುರಿದು ಸೀಳುಗಂಡಿಗಳನ್ನು ಚುಚ್ಚಿ ಬಿಡಿಸುವುದು. ಸಿಲಿಕೋನ್ ಮೆತ್ತಿದ್ದರೆ ಬ್ಲೇಡಿನಿಂದ ಕೆರೆದು ತೆಗೆಯುವುದು. ಟ್ರ್ಯಾಕ್ ಒಣಗಿದ ಮೇಲೆ ಬೇಕೆನಿಸಿದರೆ ಸಿಲಿಕೋನ್ ಸ್ಪ್ರೇ ತೆಳುವಾಗಿ ಒಂದು ಸಲ. ಇದು ಗನ್ನಿನ ಅಂಟಲ್ಲ, ಹೆಸರು ಒಂದೇ ಎಂದು ಮಿಸ್ತ್ರಿ ಕೈಗೆ ಕೊಡಬೇಡಿ. ಬಾಗಿಲು ಆಗಲೂ ನೆಲ ಕೆರೆಯುತ್ತಿದ್ದರೆ ಶಟರಿನ ಅಂಚಿನ ಬುಡದಲ್ಲಿ ಸಣ್ಣ ತೂತು ಹುಡುಕಿ. ಅದರೊಳಗಿನ ಸ್ಕ್ರೂ ರೋಲರನ್ನು ಏರಿಸುತ್ತದೆ, ಇಳಿಸುತ್ತದೆ. ಆ ತುದಿಯಲ್ಲೊಂದು, ಈ ತುದಿಯಲ್ಲೊಂದು. ಸ್ವಲ್ಪಸ್ವಲ್ಪವೇ ತಿರುಗಿಸಿ, ಶಟರಿನ ಅಂಚು ಚೌಕಟ್ಟಿಗೆ ನೇರವಾಗಿ ಕೂರುವಂತೆ ನೋಡಿಕೊಳ್ಳಬೇಕು. ರೋಲರೇ ಸವೆದಿದ್ದರೆ ಮಾತ್ರ ಶಟರ್ ಕಳಚುವ ಕೆಲಸ. ಮೇಲಕ್ಕೆತ್ತಿ, ಬುಡವನ್ನು ನಿಮ್ಮ ಕಡೆ ಎಳೆದರೆ ಬಂದೀತು. ಎದ್ದು ಬಾರದಂತೆ ಮೇಲ್ಗಡೆ ತಡೆ ಹಾಕಿದ್ದರೆ ಅದನ್ನು ಮೊದಲು ಬಿಚ್ಚಬೇಕು. ಆ ಭಾರ ನೆನಪಿರಲಿ, ಇಬ್ಬರು ಬೇಕು. ಅದು ಟಫನ್ಡ್ ಗಾಜಾದರೆ ನಡುವೆ ಗುದ್ದಿದರೂ ತಡೆದೀತು, ಮೂಲೆ ನೆಲಕ್ಕೆ ತಾಗಿದರೆ ಇಡೀ ಗಾಜು ಕಾಳುಕಾಳಾಗಿ ಉದುರೀತು. ಕಳಚಿದ ರೋಲರನ್ನೇ ಅಂಗಡಿಗೆ ಒಯ್ದು ಅಂಥದೇ ಕೊಡಿ ಎನ್ನಬೇಕು. “ಬರಲ್ಲ” ಎಂದರೆ ಪಕ್ಕದ ಅಂಗಡಿ.

ಇದನ್ನು ಯಾರೂ ಮಾಡುವುದಿಲ್ಲ ಎಂದು ನನಗೆ ಗೊತ್ತು. ಯಾಕೆಂದರೆ ಮಳೆ ಬಿದ್ದ ರಾತ್ರಿಯೇ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ ಇದಕ್ಕಿಂತ ಗಹನವಾದ ಚರ್ಚೆ ಇರುತ್ತದೆ. ಗೇಟಿನ ಮುಂದೆ ಮೊಣಕಾಲುದ್ದ ನೀರು. ರಾಜಕಾಲುವೆಯ ಹೂಳೆತ್ತಿಲ್ಲ, ಬಾಯಿ ಕಟ್ಟಿದೆ, ಒತ್ತುವರಿ ತೆರವಾಗಿಲ್ಲ, ತೆರಿಗೆ ಮಾತ್ರ ತಪ್ಪದೆ ಕಟ್ಟುತ್ತಿದ್ದೇವೆ. ಒಂದೊಂದು ಮಾತೂ ನಿಜ. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಇದ್ದದ್ದು ಐದಾಯಿತು. ಬೈಯುವವರಿಗೆ ಆಯ್ಕೆ ಹೆಚ್ಚಿತು. ಹಾಗೆ ಬೈಯುತ್ತಿರುವವರು ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಾರೆ. ನೆಲದಲ್ಲಿ ಅವರದೇ ಕಾಲುವೆಯ ನೀರು.

ಹಾಗಾಗಿ ಅಸೋಸಿಯೇಷನ್ನುಗಳ ಮುಂದಿನ ಮಹಾಸಭೆಗೆ ಒಂದು ನಿರ್ಣಯ ಸೂಚಿಸುತ್ತೇನೆ. ರಾಜಕಾಲುವೆಯ ಬಗ್ಗೆ ಪಾಲಿಕೆಗೆ ಬರೆಯುವ ಮನವಿಗೆ ಸಹಿ ಹಾಕುವ ಪ್ರತಿ ಸದಸ್ಯರೂ ಮೊದಲು ತಮ್ಮ ಬಾಲ್ಕನಿಯ ಟ್ರ್ಯಾಕಿಗೆ ಒಂದು ಚೊಂಬು ನೀರು ಸುರಿದು, ಅದು ಹೊರಗೆ ಹರಿಯುವ ವಿಡಿಯೊ ಲಗತ್ತಿಸತಕ್ಕದ್ದು. ಈ ನಿಯಮ ಜಾರಿಯಾದರೆ ಪಾಲಿಕೆಯ ಕಮಿಷನರುಗಳು ಅಂಜುವ ಕಾರಣವೇ ಇಲ್ಲ. ಅವರ ಮೇಜಿಗೆ ಇನ್ನು ಹತ್ತು ವರ್ಷ ಒಂದು ಮನವಿಯೂ ಬರುವುದಿಲ್ಲ.