ನೀರು ಬಿಟ್ಟವರು ಯಾರು? ನಗರಸೇವೆಗಳಲ್ಲಿ ಕರ್ತೃಪದ ಲೋಪವನ್ನು ಕುರಿತ ಒಂದು ವ್ಯಾಕರಣ ಜಿಜ್ಞಾಸೆ

ಈ ಸಂಶೋಧನೆಯ ಬೀಜ ಬಿದ್ದದ್ದು ಬೆಂಗಳೂರಿನ ಒಂದು ಬೀದಿಯಲ್ಲಿ, ರಾತ್ರಿ ಎರಡು ಗಂಟೆಗೆ. ಎದುರುಮನೆಯ ಅಜ್ಜಿ ಕಿಟಕಿಯಿಂದ ಕೇಳಿದರು: "ನೀರು ಬಿಟ್ರಾ?" ನಮ್ಮ ಮನೆಯಾಕೆ ಅಡುಗೆಮನೆಯಿಂದಲೇ ಉತ್ತರಿಸಿದಳು: "ಬಿಟ್ರು ಅಜ್ಜಿ, ಸಣ್ಣಗೆ ಬರ್ತಿದೆ."

ಲೋಕದ ದೃಷ್ಟಿಯಲ್ಲಿ ಇದು ನೆರೆಹೊರೆಯ ಮಾತು. ಶಾಸ್ತ್ರದ ದೃಷ್ಟಿಯಲ್ಲಿ ಇದೊಂದು ದೊಡ್ಡ ತೊಡಕು. 'ಬಿಟ್ರು' ಎಂಬುದು ಬಹುವಚನ, ಪ್ರಥಮಪುರುಷ, ಸಾಲದ್ದಕ್ಕೆ ಗೌರವಾರ್ಥಕ. ಬಿಟ್ಟವರು ಯಾರು ಎಂಬುದು ಅಜ್ಜಿಗೆ ಗೊತ್ತಿಲ್ಲ, ಉತ್ತರ ಕೊಟ್ಟವಳಿಗೆ ಗೊತ್ತಿಲ್ಲ, ವಾಕ್ಯಕ್ಕೂ ಗೊತ್ತಿಲ್ಲ. ಆದರೂ ಇಬ್ಬರಿಗೂ ಅರ್ಥವಾಗಿದೆ; ಬಿಂದಿಗೆಯೂ ತುಂಬುತ್ತಿದೆ. ಕನ್ನಡ ಕ್ರಿಯಾಪದದ ಬಾಲದಲ್ಲೇ ಕರ್ತೃ ಕುಳಿತಿರುತ್ತಾನೆ, ಬೇರೆಯಾಗಿ ಹೆಸರಿಸಬೇಕಿಲ್ಲ ಎಂದು ಶಾಲೆಯಲ್ಲಿ ಓದಿದ್ದೆವು. ಈ ಸೌಲಭ್ಯವನ್ನು ಭಾಷೆ ಒದಗಿಸಿದ್ದು ಕವಿಗಳಿಗಾಗಿ ಎಂದುಕೊಂಡಿದ್ದೆವು. ಹದಿಮೂರನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ' ಬರೆದ ಕೇಶಿರಾಜನಿಗೂ ಇದರ ಪೂರ್ಣ ಫಲಾನುಭವಿಗಳು ಯಾರಾಗಲಿದ್ದಾರೆಂಬ ಸುಳಿವು ಇದ್ದಿರಲಾರದು. ಅವನ ಕಾಲದಲ್ಲಿ ನಿಗಮ, ಮಂಡಳಿ, ಪ್ರಾಧಿಕಾರಗಳು ಇರಲಿಲ್ಲ.

ಮೊದಲು ಪ್ರಯೋಗಗಳನ್ನು ವಿಂಗಡಿಸೋಣ. ನೀರನ್ನು 'ಬಿಡುತ್ತಾರೆ'. ರಸ್ತೆಯನ್ನು 'ಅಗೆದಿದ್ದಾರೆ'. ಆದರೆ ಕರೆಂಟು ತಾನಾಗಿಯೇ 'ಹೋಗುತ್ತದೆ', ತಾನಾಗಿಯೇ 'ಬರುತ್ತದೆ'. ಅದು ಮನೆಯ ಹಿರಿಯ ಅಳಿಯನಂತೆ: ಏಕೆ ಹೋಯಿತೆಂದು ಕೇಳುವಂತಿಲ್ಲ, ಬಂದಾಗ ಎಲ್ಲರೂ "ಬಂತೂ" ಎಂದು ಸಂಭ್ರಮಿಸಬೇಕು. "ಕರೆಂಟ್ ತೆಗೆದ್ರು" ಎಂಬ ಪ್ರಯೋಗವೂ ಉಂಟಲ್ಲವೇ ಎಂದು ಪೂರ್ವಪಕ್ಷದವರು ಕೇಳಬಹುದು. ಉಂಟು, ಆದರೆ ಅದು ಕ್ರಿಕೆಟ್ಟಿನ ಕೊನೆಯ ಓವರಿನಲ್ಲಿ, ಮಕ್ಕಳ ಪರೀಕ್ಷೆಯ ಹಿಂದಿನ ರಾತ್ರಿ. ಸಿಟ್ಟು ಬಂದಾಗ ಮಾತ್ರ ಕರ್ತೃ ಹುಟ್ಟುತ್ತಾನೆ ಎಂಬ ನಿಯಮಕ್ಕೆ ಇದು ಪೋಷಕವೇ ಹೊರತು ಬಾಧಕವಲ್ಲ. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿನ ರೈತರು "ತ್ರೀ ಫೇಸ್ ಕೊಟ್ಟವ್ರೆ" ಎನ್ನುತ್ತಾರೆ. ದಿನಕ್ಕೆ ಏಳು ಗಂಟೆ ಎಂದು ಲೆಕ್ಕ ಹಾಕಿ ಕೊಟ್ಟಾಗ ಕೊಟ್ಟವನೊಬ್ಬ ಇರಲೇಬೇಕು. ಲೆಕ್ಕವಿಲ್ಲದೆ ಬಂದುಹೋಗುವ ನಗರದಲ್ಲಿ ಅವನ ಅಗತ್ಯವಿಲ್ಲ.

ಹುಬ್ಬಳ್ಳಿ–ಧಾರವಾಡದ ಕಡೆ ಈ ತತ್ತ್ವ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ "ನಳ ಬಂದಾವೇನ್ರೀ?" ಎಂದು ಕೇಳುತ್ತಾರೆ. ನಳ ಎಲ್ಲಿಗೂ ಹೋಗಿರಲಿಲ್ಲ, ಗೋಡೆಗೇ ಅಂಟಿಕೊಂಡಿತ್ತು, ಬಂದದ್ದು ನೀರು. ಅಲಂಕಾರಶಾಸ್ತ್ರದವರು ಲಕ್ಷಣಾವೃತ್ತಿಗೆ ಗಂಗೆಯಲ್ಲಿರುವ ಗೊಲ್ಲರಹಟ್ಟಿಯ ಉದಾಹರಣೆಯನ್ನು ಎಷ್ಟು ಕಾಲ ಕೊಟ್ಟಾರು? ಮಲಪ್ರಭೆಯ ನೀರು ಸವದತ್ತಿಯ ರೇಣುಕಾಸಾಗರದಿಂದ ಹೊರಟು ವಾರ ಕಾಯಿಸಿ ಬರುವ ಊರಿನಲ್ಲಿ ನಳವೇ ಬಂದಂತೆ ತೋರುವುದು ಸಹಜ. ಇದೇ ಊರಿನ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೆ ವಿಶ್ವಬ್ಯಾಂಕಿನ ನೆರವಿನಿಂದ ದಿನದ ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ಪ್ರಾತ್ಯಕ್ಷಿಕೆ ನಡೆಯಿತು. ಬೆಳಗಾವಿ, ಕಲಬುರಗಿಗಳಲ್ಲೂ ನಡೆಯಿತು. ನಡೆಸಿದ್ದು ಫ್ರಾನ್ಸಿನ ವಿಯೋಲಿಯಾ ಕಂಪನಿ. ನೀರು ಸದಾ ಇರುವಲ್ಲಿ 'ಬಂತು' ಎಂಬ ಕ್ರಿಯಾಪದವೇ ಸಾಯುತ್ತದೆ. ಒಂದೇ ಊರಿನಲ್ಲಿ ಕ್ರಿಯಾಪದವಿರುವ ವಾರ್ಡು, ಕ್ರಿಯಾಪದವಿಲ್ಲದ ವಾರ್ಡು ಎಂದು ಎರಡು ಉಪಭಾಷೆಗಳಾದದ್ದನ್ನು ಭಾಷಾವಿಜ್ಞಾನಿಗಳು ಗಮನಿಸಿದಂತಿಲ್ಲ.

ಇನ್ನು ಕರ್ಮಣಿ ಪ್ರಯೋಗ. ಇದು ಕನ್ನಡದ ಜಾಯಮಾನಕ್ಕೆ ಒಗ್ಗದು, ಸಂಸ್ಕೃತದಿಂದಲೋ ಇಂಗ್ಲಿಷಿನಿಂದಲೋ ಬಂದ ಜಾಡ್ಯ ಎಂದು ನಮ್ಮ ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚುತ್ತಿದ್ದರು. ಪಾಪ, ಅವರು ಪತ್ರಿಕೆಯ ಒಳಪುಟಗಳನ್ನು ಓದುತ್ತಿರಲಿಲ್ಲ. ಅಲ್ಲಿ ದಿನವೂ ಒಂದು ಚೌಕದಲ್ಲಿ ಅಚ್ಚಾಗುವ ಮಾದರಿ ವಾಕ್ಯ ಇದು: ತುರ್ತು ನಿರ್ವಹಣಾ ಕಾಮಗಾರಿಯ ಪ್ರಯುಕ್ತ ಬೆಳಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಗ್ರಾಹಕರು ಸಹಕರಿಸಬೇಕಾಗಿ ಕೋರಲಾಗಿದೆ.

ಇದನ್ನು ಪದಪದವಾಗಿ ಬಿಡಿಸಬೇಕು. ಮೊದಲನೆಯದಾಗಿ, ಕಡಿತವಿಲ್ಲ, 'ವ್ಯತ್ಯಯ' ಇದೆ. ಕಡಿತವೆಂದರೆ ಕಡಿದವನು ಬೇಕು, ಕೈಯಲ್ಲಿ ಕತ್ತಿ ಬೇಕು. ವ್ಯತ್ಯಯಕ್ಕೆ ಏನೂ ಬೇಡ, ಅದು ವಿಭಕ್ತಿ ಪಲ್ಲಟದಂತೆ ಭಾಷೆಯೊಳಗೇ ಆಗುವ ಸಣ್ಣ ಅದಲುಬದಲು. ಎರಡನೆಯದಾಗಿ, ಅದನ್ನು ಯಾರೂ ಮಾಡುವುದಿಲ್ಲ, ಅದು 'ಉಂಟಾಗುತ್ತದೆ', ಮೈಮೇಲೆ ಗುಳ್ಳೆ ಎದ್ದಂತೆ. ಮೂರನೆಯದಾಗಿ, 'ಕೋರಲಾಗಿದೆ'. ಕೋರಿದ್ದು ಯಾರು? ಗಾಳಿ ಕೋರಿರಬಹುದು. ಇಡೀ ವಾಕ್ಯದಲ್ಲಿ ಕಣ್ಣಿಗೆ ಬೀಳುವ ಏಕೈಕ ಕರ್ತೃ 'ಗ್ರಾಹಕರು'. ಅವರ ಪಾಲಿಗೆ ಬಂದ ಕ್ರಿಯೆ 'ಸಹಕರಿಸು', ಎಂದರೆ ಜೊತೆಗೂಡಿ ಮಾಡು. ಫ್ಯಾನಿನ ಕೆಳಗೆ ಬೆವರುತ್ತ ಕುಳಿತವನು ತನಗರಿವಿಲ್ಲದೆಯೇ ವ್ಯತ್ಯಯದ ಸಹಕರ್ತೃವಾಗಿದ್ದಾನೆ! ಬೇರೆ ಯಾವ ಭಾಷೆಯಾದರೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಹೊಣೆಯನ್ನು ವರ್ಗಾಯಿಸಿದ್ದರೆ ತೋರಿಸಲಿ.

ಕಂಬದ ಕೆಳಗೆ ನಿಂತು ಕೇಳಿದರೆ ಮಾತ್ರ ಭಾಷೆ ತಕ್ಷಣ ಬದಲಾಗುತ್ತದೆ. "ಎಲ್‌ಸಿ ತಗೊಂಡಿದೀವಿ ಸಾರ್, ಜಂಪ್ ಕಟ್ ಆಗಿದೆ, ಅರ್ಧ ಗಂಟೆ." ಎಷ್ಟು ಸ್ವಚ್ಛವಾದ ಕರ್ತರಿ ಪ್ರಯೋಗ! 'ತಗೊಂಡಿದೀವಿ': ಉತ್ತಮಪುರುಷ ಬಹುವಚನ. ಕಂಬ ಹತ್ತಿದವನಿಗೆ ಕರ್ತೃವನ್ನು ಮರೆಮಾಚುವ ಸೌಕರ್ಯವಿಲ್ಲ. ಲೈನ್ ಕ್ಲಿಯರ್ ಪಡೆದವರು ಯಾರು, ಹಿಂದಿರುಗಿಸುವವರು ಯಾರು ಎಂಬುದು ಸ್ಪಷ್ಟವಾಗದಿದ್ದರೆ ಅವನ ಪ್ರಾಣ ಹೋಗುತ್ತದೆ. ಕರ್ತೃಲೋಪದ ಪ್ರಮಾಣವು ನೆಲದಿಂದಿರುವ ಎತ್ತರಕ್ಕೆ ವಿಲೋಮವಾಗಿಯೂ ಕುರ್ಚಿಯ ಎತ್ತರಕ್ಕೆ ಅನುಲೋಮವಾಗಿಯೂ ಇರುತ್ತದೆ ಎಂಬ ಸೂತ್ರವನ್ನು ಇಲ್ಲಿ ಮಂಡಿಸುತ್ತಿದ್ದೇವೆ.

ಹೆಸರುಗಳ ವಿಷಯಕ್ಕೆ ಬಂದರೆ ವ್ಯಾಕರಣಕಾರನಿಗೆ ಹಬ್ಬ. ವಿದ್ಯುತ್ ಮಂಡಳಿ 1957ರದು. 1999ರಲ್ಲಿ ಅದು ಪ್ರಸರಣ ನಿಗಮವಾಯಿತು. 2002ರಲ್ಲಿ ವಿತರಣೆ ಬೇರೆಯಾಗಿ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂಗಳು ಅಣ್ಣತಮ್ಮಂದಿರಂತೆ ಪಾಲು ಹಂಚಿಕೊಂಡವು. ಜನ ಈಗಲೂ "ಕೆಇಬಿಯವ್ರು ಬಂದಿದಾರೆ" ಎನ್ನುತ್ತಾರೆ. ಸತ್ತ ಪದವನ್ನು ಬಳಕೆಯಲ್ಲಿ ಉಳಿಸಿಕೊಳ್ಳುವುದಕ್ಕೆ ರೂಢಿ ಎಂದು ಹೆಸರು. ಪಾಲಿಕೆಯ ಕಥೆ ಬೇರೆ. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ಹಳ್ಳಿಗಳನ್ನೂ ಸೇರಿಸಿಕೊಂಡು 'ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ' ಎಂದಾಯಿತು. ಬೃಹತ್ ಎಂದರೂ ದೊಡ್ಡದು, ಮಹಾ ಎಂದರೂ ದೊಡ್ಡದು; ಕಾವ್ಯದಲ್ಲಾದರೆ ಪುನರುಕ್ತಿ ದೋಷ, ಆಡಳಿತದಲ್ಲಿ ದೂರದೃಷ್ಟಿ. 2025ರಲ್ಲಿ ಅದೂ ಸಾಲದೆ 'ಗ್ರೇಟರ್ ಬೆಂಗಳೂರು ಪ್ರಾಧಿಕಾರ' ಬಂತು, ಅದರಡಿ ಐದು ನಗರ ಪಾಲಿಕೆಗಳು ಬಂದವು. ತರತಮ ಭಾವದಲ್ಲಿ 'ತರ' ಮುಗಿದಿದೆ, 'ತಮ' ಬಾಕಿಯಿದೆ.

ಕಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಗಾಡಿ ಹಾಡುತ್ತ ಬರುತ್ತದೆ. ಹಾಡುವವರ ವ್ಯಾಕರಣವನ್ನು ಪ್ರಶ್ನಿಸಬಾರದು.

ಸಂಧಿಪ್ರಕರಣವನ್ನು ಮಾತ್ರ ಬಿಡುವಂತಿಲ್ಲ. ಎರಡು ಸೇವೆಗಳು ಒಂದೇ ರಸ್ತೆಯಲ್ಲಿ ಕೂಡಿದಾಗ ಆಗುವ ವಿಕಾರಕ್ಕೆ ಸಂಧಿ ಎನ್ನುತ್ತೇವೆ. ರಸ್ತೆಯೂ ಒಳಚರಂಡಿಯೂ ಸೇರಿ ರಸ್ತೆ ಮಾಯವಾದರೆ ಲೋಪಸಂಧಿ. ರಸ್ತೆಯೂ ಕೇಬಲ್ಲೂ ಸೇರಿ, ಎರಡರಲ್ಲೂ ಮೊದಲಿಲ್ಲದ ಗುಂಡಿಯೊಂದು ನಡುವೆ ಬಂದರೆ ಆಗಮಸಂಧಿ. ಡಾಂಬರಿನ ಸ್ಥಾನದಲ್ಲಿ ಜಲ್ಲಿಪುಡಿ ಬಂದು ಕುಳಿತರೆ ಆದೇಶಸಂಧಿ. ಇದಕ್ಕೆ ನಿಜವಾಗಿಯೂ ಒಂದು ಆದೇಶ ಬೇಕು, ಆದೇಶ ಸಂಖ್ಯೆಯೂ ಬೇಕು. ಕಳೆದ ವರ್ಷ ನಮ್ಮ ಬೀದಿಗೆ ಡಾಂಬರು ಬಿದ್ದ ಒಂಬತ್ತನೆಯ ದಿನ ಅಗೆದರು. ಅಗೆದವರ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಹೇಳಿದರೆ ಈ ಪ್ರಬಂಧದ ಸಿದ್ಧಾಂತಕ್ಕೇ ಭಂಗ. ಕಚೇರಿಗೆ ಹೋಗಿ ಕೇಳಿದ್ದಕ್ಕೆ "ಅದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂದರು. ಆಗ ಹೊಳೆಯಿತು, ಅವರು ನ್ಯಾಯಶಾಸ್ತ್ರ ಓದಿಕೊಂಡವರು! ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ಬಿಡದ ನಂಟಿಗೆ ತಾರ್ಕಿಕರು ವ್ಯಾಪ್ತಿ ಎನ್ನುತ್ತಾರೆ. ಎಲ್ಲಿ ಹೊಸ ಡಾಂಬರೋ ಅಲ್ಲಿ ಅಗೆತ ಎಂಬ ವ್ಯಾಪ್ತಿ ನಮಗೆ ಪ್ರತ್ಯಕ್ಷವಾಗಿದೆ. ಅವರದು ಬೇರೆ ವ್ಯಾಪ್ತಿಯಿರಬೇಕು.

ಪ್ರಮಾಣಗಳ ಮಾತು ಬಂದದ್ದರಿಂದ ಒಂದು ಟಿಪ್ಪಣಿ. ನೀರಿನ ವಿಷಯದಲ್ಲಿ ಶಬ್ದವೇ ಪ್ರಮಾಣ: ತೆರೆದಿಟ್ಟ ನಲ್ಲಿ ಮೊದಲು 'ಸುಯ್' ಎಂದು ಗಾಳಿ ಬಿಡುತ್ತದೆ, ಆಮೇಲೆ ಕೆಮ್ಮುತ್ತದೆ, ಅಷ್ಟರಲ್ಲಿ ಮನೆಯವರೆಲ್ಲ ಎದ್ದಿರುತ್ತಾರೆ. ಕರೆಂಟಿನ ವಿಷಯದಲ್ಲಿ ಪಕ್ಕದ ಮನೆಯೇ ಪ್ರಮಾಣ. "ನಮ್ದೊಂದೇನಾ?" "ಇಲ್ಲ, ಎಲ್ಲರದ್ದೂ ಹೋಗಿದೆ." ಈ ಉತ್ತರ ಕೇಳಿದ ಮೇಲೆ ಕತ್ತಲೆ ಅರ್ಧ ಕಡಿಮೆಯಾಗುವುದೇಕೆ ಎಂಬುದಕ್ಕೆ ಯಾವ ದರ್ಶನದಲ್ಲೂ ಸಮಾಧಾನ ಸಿಕ್ಕಿಲ್ಲ.

ಬಿಲ್ಲಿನಲ್ಲಿ ಮಾತ್ರ ಎಲ್ಲ ಪದಗಳೂ ಪ್ರತ್ಯಕ್ಷ. ಹೆಸರು, ವಿಳಾಸ, ಆರ್.ಆರ್. ನಂಬರು, ಹಿಂದಿನ ಮಾಪನ, ಈಗಿನ ಮಾಪನ. ನಮ್ಮದು ಇಂದಿಗೂ ತಾತನ ಹೆಸರಿನಲ್ಲೇ ಬರುತ್ತದೆ. ತಾತ ತೀರಿಕೊಂಡು ಹತ್ತೊಂಬತ್ತು ವರ್ಷವಾದರೂ ಯೂನಿಟ್ಟು ಉರಿಸುತ್ತಲೇ ಇದ್ದಾರೆ. 2023ರ ಆಗಸ್ಟಿನಿಂದ ಗೃಹಜ್ಯೋತಿ ಬಂದು, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ಟಿನ ಮಿತಿಯೊಳಗಿದ್ದರೆ ಶೂನ್ಯ ಎಂದಾಯಿತು. ಶೂನ್ಯವೆಂದು ಮುದ್ರಿಸಿದ ಕಾಗದವನ್ನು ತಿಂಗಳು ತಿಂಗಳೂ ಬಾಗಿಲಿಗೆ ತಂದುಕೊಡುವ ಈ ಪದ್ಧತಿಯನ್ನು ನಾವು ಹೊಸ ಶೂನ್ಯಸಂಪಾದನೆ ಎಂದು ಕರೆಯುತ್ತೇವೆ. 2024ರ ಬರದ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತು. ಅಲ್ಲಿಯೂ ಕರ್ತೃ ಸ್ಪಷ್ಟ: ತೊಳೆದವನು.

ಈಗ ಮೂಲ ಪ್ರಶ್ನೆಗೆ. ನೀರು ಬಿಟ್ಟವರು ಯಾರು?

ಚರಿತ್ರೆಯನ್ನು ಕೆದಕಿದೆವು. ಹಿಂದೆ ಊರಿಗೆ ಧರ್ಮಾಂಬುಧಿ, ಸಂಪಂಗಿ ಮುಂತಾದ ಕೆರೆಗಳಿದ್ದವು. ಧರ್ಮಾಂಬುಧಿಯ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಅಲ್ಲಿ ಮೊದಲು ಮಳೆಗೆ ಕಾಯುತ್ತಿದ್ದರು, ಈಗ ಬಸ್ಸಿಗೆ ಕಾಯುತ್ತಾರೆ, ಕಾಯುವ ಕ್ರಿಯೆಗೆ ಭಂಗ ಬಂದಿಲ್ಲ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. ಜಲಮಂಡಳಿ ಹುಟ್ಟಿದ್ದು 1964ರಲ್ಲಿ, ಕಾವೇರಿಯ ಮೊದಲ ಹಂತ 1974ರಲ್ಲಿ, ಐದನೆಯದು 2024ರ ಅಕ್ಟೋಬರಿನಲ್ಲಿ; ದಿನಕ್ಕೆ 775 ದಶಲಕ್ಷ ಲೀಟರು, ಹೊರವಲಯದ 110 ಹಳ್ಳಿಗಳ ಹೆಸರಿನಲ್ಲಿ. ಸುಮಾರು 100 ಕಿಲೋಮೀಟರು ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಮೆಟ್ಟಿಲುಗಳಲ್ಲಿ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ನೀರನ್ನು ಎತ್ತುತ್ತಾರೆ. ನೀರಿನ ಸ್ವಭಾವ ತಗ್ಗಿಗೆ ಹರಿಯುವುದು ಎಂದು ಗಾದೆ ಮಾಡಿದವರು ಬೆಂಗಳೂರಿನವರಲ್ಲ.

ಇಲ್ಲೊಂದು ಚೋದ್ಯವಿದೆ. ಇದೇ ಕಾವೇರಿ ಶಿವನಸಮುದ್ರದಲ್ಲಿ ಕೆಳಗೆ ಬಿದ್ದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟಳು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಹಚ್ಚಿದಳು. ಈಗ ಅದೇ ಸುತ್ತಮುತ್ತಲಿನಿಂದ ಅವಳನ್ನು ಮೇಲೆತ್ತಲು ಕರೆಂಟು ಬೇಕು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿನ ಬಿಲ್ಲೇ. ಬಿದ್ದು ಸಂಪಾದಿಸಿದ್ದನ್ನು ಏಳಲು ಖರ್ಚು ಮಾಡಿದಂತೆ. ಇಂದಿನ ಕರೆಂಟಿನಲ್ಲಿ ರಾಯಚೂರಿನ ಕಲ್ಲಿದ್ದಲು, ಶರಾವತಿ, ಪಾವಗಡದ ಬಿಸಿಲು ಎಲ್ಲ ಕಲಸಿಹೋಗಿರುವುದರಿಂದ ಶಿವನಸಮುದ್ರದ ಪಾಲು ತೀರ ಸಣ್ಣದು, ಒಪ್ಪುತ್ತೇವೆ. ಆದರೆ ಸಿದ್ಧಾಂತ ಕಟ್ಟುವವನಿಗೆ ಅಂಥ ವಿವರಗಳು ಅಡ್ಡ ಬರಬಾರದು.

ಗ್ರಂಥಗಳಲ್ಲಿ ಕರ್ತೃ ಸಿಗದ್ದರಿಂದ ಕ್ಷೇತ್ರಕಾರ್ಯಕ್ಕೆ ಇಳಿದೆವು. ಮೂರು ರಾತ್ರಿ ಗೇಟಿನ ಬಳಿ ಕಾದದ್ದಕ್ಕೆ ನಾಲ್ಕನೆಯ ರಾತ್ರಿ ಫಲ ಸಿಕ್ಕಿತು. ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀಲಿ, ಕಿವಿಗೆ ಮಫ್ಲರು. ಬೀದಿಯ ತಿರುವಿನಲ್ಲಿ ಮುಚ್ಚಳ ಸರಿಸಿ, ಕೀಲಿ ಇಳಿಸಿ, ಮೈಭಾರ ಹಾಕಿ ತಿರುಗಿಸತೊಡಗಿದ. ಮೈ ಜುಮ್ಮೆಂದಿತು. ಇವನೇ ನಮ್ಮ ಹಳೇ ಊರುಗಳ ನೀರಗಂಟಿ! ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುತ್ತಿದ್ದವನು, ಸುಗ್ಗಿಯಲ್ಲಿ ಮನೆಮನೆಯಿಂದ ಕಾಳು ಪಡೆಯುತ್ತಿದ್ದವನು. ಊರಿಗೆಲ್ಲ ಅವನ ಹೆಸರು ಗೊತ್ತಿತ್ತು. ಬೈಯುವವರೂ ಹೆಸರು ಹಿಡಿದೇ ಬೈಯುತ್ತಿದ್ದರು. ನಮ್ಮ ಬೀದಿಯಲ್ಲಿ ಇವನು 'ನೀರು ಬಿಡೋನು'. ಕ್ರಿಯಾಪದಕ್ಕೆ ಕೊನೆಗೂ ಒಂದು ದೇಹ ದೊರೆತಿತ್ತು.

"ನೀರು ಬಿಡೋರು ನೀವೇನಾ?" ಎಂದು ಕೇಳಿದೆ.

"ನಾನೇನ್ ಬಿಡ್ಲಿ ಸಾರ್," ಎಂದ, ಕೀಲಿಯಿಂದ ಕೈ ತೆಗೆಯದೆ. "ಮೇಲಿಂದ ಬಿಟ್ರೆ ನಾನು ಬಿಡ್ತೀನಿ."

"ಮೇಲಿಂದ ಅಂದ್ರೆ?"

"ಟ್ಯಾಂಕಿಂದ. ಅಲ್ಲಿಗೆ ಪಂಪ್‌ಹೌಸ್‌ನವ್ರು ಬಿಡ್ಬೇಕು."

"ಅವರಿಗೆ?"

"ಅವ್ರಿಗೆ ಕರೆಂಟ್ ಬರ್ಬೇಕು." ಅವನು ಒಮ್ಮೆ ಆಕಾಶ ನೋಡಿದ. "ಹೋಗಿ ಸಾರ್, ಸಂಪ್ ತುಂಬ್ಕೊಳ್ಳಿ. ಐದೂವರೆಗೆ ನಿಲ್ಲಿಸ್ತಾರೆ."

ನಿಲ್ಲಿಸ್ತಾರೆ! ಕೀಲಿ ಅವನ ಕೈಯಲ್ಲೇ ಇತ್ತು. ತಾರ್ಕಿಕರು ಇದಕ್ಕೆ ಅನವಸ್ಥಾ ದೋಷ ಎನ್ನುತ್ತಾರೆ. ಒಂದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು, ಕೊನೆಯಿಲ್ಲ. ಇದನ್ನು ಗುರುತು ಹಾಕಿಕೊಳ್ಳಲು ಒಳಗೆ ಬಂದೆ. ಸಂಪಿನಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಿತ್ತು. ಮೇಲಿನ ಟ್ಯಾಂಕಿಗೆ ಏರಿಸೋಣವೆಂದು ಮೋಟಾರಿನ ಸ್ವಿಚ್ಚಿಗೆ ಕೈ ಹಾಕಿದೆ. ದೀಪ ಆರಿತು, ಬೀದಿಯೂ ಕಪ್ಪಾಯಿತು.

ಎದುರುಮನೆಯ ಕಿಟಕಿ ತೆರೆದ ಸದ್ದು.

"ನಿಮ್ದೂ ಹೋಯ್ತೇನಪ್ಪಾ?"

"ಹೋಯ್ತು ಅಜ್ಜಿ."