ಹೋಲಿಕೆ ಯಂತ್ರ: ಬಳಕೆದಾರರ ಕೈಪಿಡಿ

ಈ ಯಂತ್ರ ನಿಮ್ಮಲ್ಲಿ ಈಗಾಗಲೇ ಇದೆ. ಬಿಲ್ಲು ಹುಡುಕಬೇಡಿ, ಸಿಗದು. ನೀವು ಹುಟ್ಟಿದ ದಿನವೇ 'ತೂಕ ಎಷ್ಟು? ಬಣ್ಣ ಯಾರ ಥರ?' ಎಂದು ಕೇಳಿದ ನೆಂಟರು ಅದನ್ನು ಚಾಲೂ ಮಾಡಿ ಹೋಗಿದ್ದಾರೆ. ಬಿಚ್ಚಿ ಎಸೆಯುವ ಸಾಹಸವೂ ಬೇಡ. 'ನಾನಂತೂ ಯಾರ ಜೊತೆಗೂ ಹೋಲಿಸಿಕೊಳ್ಳೋದೇ ಇಲ್ಲಪ್ಪ' ಎನ್ನುವವರು, ಹೋಲಿಸಿಕೊಳ್ಳುವವರ ಪಕ್ಕದಲ್ಲಿ ತಮ್ಮನ್ನು ನಿಲ್ಲಿಸಿಕೊಂಡೇ ಆ ಮಾತು ಹೇಳಿರುತ್ತಾರೆ.

ಕೆಲಸ ಮಾಡುವ ಬಗೆ: ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಇದರ ಮುಚ್ಚಳ ತೆಗೆದು ನೋಡಿದ್ದರು. ತನ್ನನ್ನು ಅಳೆದುಕೊಳ್ಳಲು ಬೇರೆ ಅಳತೆಗೋಲು ಸಿಗದಿದ್ದಾಗ ಮನುಷ್ಯ ಪಕ್ಕದವನನ್ನೇ ಅಳತೆಗೋಲು ಮಾಡಿಕೊಳ್ಳುತ್ತಾನೆ, ಅದಕ್ಕೂ ತನ್ನಂಥವನನ್ನೇ ಆರಿಸುತ್ತಾನೆ ಎಂಬುದು ಅವರ ವಾದ. ನಿಜವೇ. ಮುಂಬೈಯಲ್ಲಿ ಮುಕೇಶ್ ಅಂಬಾನಿಯವರ 27 ಅಂತಸ್ತಿನ ಮನೆ ಎದ್ದಾಗ ನಮ್ಮ ಬೀದಿಯಲ್ಲಿ ಯಾರ ನಿದ್ದೆಯೂ ಕೆಡಲಿಲ್ಲ. ಷಡ್ಡಕ 30×40ರ ಸೈಟಿನಲ್ಲಿ ಎರಡನೇ ಮಹಡಿ ಎತ್ತಿದರೆ ಸಾಕು, ರಾತ್ರಿಯಿಡೀ ಫ್ಯಾನು ನೋಡುತ್ತಾ ಮಲಗಬೇಕು.

ಗೃಹಪ್ರವೇಶದ ದಿನದ ಬಳಕೆ (ಎಚ್ಚರಿಕೆ: ಶಾಕ್ ಹೊಡೆಯಬಹುದು): ಹೊರಡುವ ಮುನ್ನ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಮನೆ ಎಂದರೆ ನಿಮಗೇನು ಬೇಕು ಎಂದು ಹಿಂಬದಿಯಲ್ಲಿ ಬರೆಯಿರಿ. ಬೆಳಗಿನ ಬಿಸಿಲು ಬೀಳುವ ಕಿಟಕಿ. ಅಮ್ಮ ಮೆಟ್ಟಿಲು ಹತ್ತದೆ ಹೋಗುವಂಥ ಬಚ್ಚಲು. ಮಗಳು ನಡೆದೇ ಹೋಗುವಷ್ಟು ಹತ್ತಿರದಲ್ಲಿ ಶಾಲೆ. ಹೋಗಿ ಬಂದ ಮೇಲೆ ಬರೆದರಾಯಿತು ಎಂದುಕೊಂಡಿರೋ, ಆ ಪಟ್ಟಿ ನಿಮ್ಮದಾಗಿರುವುದಿಲ್ಲ. ಅಷ್ಟರಲ್ಲಿ ಇಟಾಲಿಯನ್ ಮಾರ್ಬಲ್ ಅದರೊಳಗೆ ನುಸುಳಿರುತ್ತದೆ. ಈ ಕೈಪಿಡಿಯಲ್ಲಿ ತಮಾಷೆಯಿಲ್ಲದೆ ಹೇಳಿದ್ದು ಇದೊಂದೇ, ಉಳಿದದ್ದನ್ನು ಹಾರಿಸಿ ಓದಿದರೂ ನಡೆದೀತು.

ಅಲ್ಲಿ ಮನೆಯವರು ನಿಮ್ಮನ್ನು ಸುತ್ತಿಸುತ್ತಾರೆ. ತೇಗದ ಬಾಗಿಲು, ಮಾಡ್ಯುಲರ್ ಕಿಚನ್, ಗಂಟೆ ಕಟ್ಟಿದ ದೇವರಮನೆ ಬಾಗಿಲು, ಕೊನೆಗೆ ಬಚ್ಚಲಿನ ಷವರ್‌ವರೆಗೆ. ಎಲ್ಲ ನೋಡಿ. 'ತುಂಬಾ ಚೆನ್ನಾಗಿದೆ' ಎಂದು ಮನಸಾರೆ ಹೇಳಿ, ಅದಕ್ಕೇನೂ ಖರ್ಚಿಲ್ಲ. ಟೈಲ್ಸು ತಟ್ಟಿ ನೋಡಬೇಡಿ. ಚದರಡಿಗೆ ಎಷ್ಟಾಯ್ತು ಎಂದು ಕೇಳಬೇಡಿ. ಸಾಲದ ಕಾಗದಗಳಿರುವ ಬೀರುವನ್ನು ಮಾತ್ರ ಯಾರೂ ತೆರೆದು ತೋರಿಸುವುದಿಲ್ಲ ಎಂಬುದು ನೆನಪಿರಲಿ. ವಾಪಸು ಬರುವಾಗ ಕಾರಿನಲ್ಲಿ 'ಅಡುಗೆಮನೆ ಸ್ವಲ್ಪ ಇಕ್ಕಟ್ಟು, ಅಲ್ವಾ?' ಎಂಬ ಮಾತು ಬಾಯಿಗೆ ಬಂದರೆ ಯಂತ್ರ ಬಿಸಿಯಾಗಿದೆ ಎಂದರ್ಥ. ಕಿಟಕಿ ಇಳಿಸಿ.

ಫೋನಿನೊಂದಿಗೆ ಜೋಡಿಸುವುದು: ಬೇಡ. ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರ ಕಾಲದಲ್ಲಿ ಹತ್ತಿರ ಹೋದರೆ ಕಲ್ಲುಮುಳ್ಳಾದರೂ ಕಾಣುತ್ತಿತ್ತು. ಈಗ ಬೆಟ್ಟ ಅಂಗೈ ಮೇಲೆಯೇ ಬಂದು ಕೂತಿದೆ, ಆದರೂ ನುಣ್ಣಗೇ ಇದೆ.

'ನಿನಗಿಂತ ಕಷ್ಟದಲ್ಲಿರೋರನ್ನ ನೋಡಿ ಸಮಾಧಾನ ಮಾಡ್ಕೋ' ಎಂಬ ಉಪಾಯವೊಂದು ಎಲ್ಲ ಮನೆಗಳಲ್ಲೂ ಚಾಲ್ತಿಯಲ್ಲಿದೆ. ನನಗದು ಹಿಡಿಸಿಲ್ಲ. ಇನ್ನೊಬ್ಬರ ಬಡತನ ನಮಗೆ ನಿದ್ದೆ ಮಾತ್ರೆ ಆಗಬೇಕೇ? ಅದೂ ಇದೇ ಯಂತ್ರ, ತಲೆಕೆಳಗಾಗಿ ಹಿಡಿದಿದ್ದೇವೆ ಅಷ್ಟೆ. ಆದರೆ ಅದು ಕೆಲಸ ಮಾಡುವುದಂತೂ ಹೌದು. 1992ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ಗೆದ್ದವರ ಮುಖಭಾವವನ್ನು ವಿಡಿಯೊದಲ್ಲಿ ಗಮನಿಸಿದ ಸಂಶೋಧಕರು, ಬೆಳ್ಳಿ ಗೆದ್ದವರಿಗಿಂತ ಕಂಚು ಗೆದ್ದವರೇ ಹೆಚ್ಚು ಖುಷಿಯಾಗಿ ಕಂಡರು ಎಂದು 1995ರಲ್ಲಿ ಬರೆದರು. ಬೆಳ್ಳಿಯವರಿಗೆ ಕೈತಪ್ಪಿದ ಚಿನ್ನದ ಚಿಂತೆ, ಕಂಚಿನವರಿಗೆ ಬರಿಗೈಯಲ್ಲಿ ಹೋಗಲಿಲ್ಲವಲ್ಲ ಎಂಬ ನೆಮ್ಮದಿ ಎಂಬುದು ಅವರು ಕೊಟ್ಟ ಕಾರಣ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 580 ತಂದ ಹುಡುಗಿಯನ್ನು 'ಉಳಿದ 45 ಎಲ್ಲಿ ಹೋಯ್ತು?' ಎಂದು ಕೇಳುವ ಮನೆಗಳಲ್ಲಿ ಯಂತ್ರವನ್ನು ದೊಡ್ಡವರ ಕೈಗೆ ಸಿಗದಂತೆ ಎತ್ತರದಲ್ಲಿಡಿ.

ಪಂಕ್ತಿಯಲ್ಲಿ ಪಾಲಿಸಬೇಕಾದ ಕ್ರಮ: ಎಲೆ ಮುಂದೆ ಕೂತ ಕೂಡಲೇ ಸೋದರತ್ತೆ ಕೇಳುತ್ತಾರೆ, 'ನಿಂದು ಯಾವಾಗಪ್ಪ ಸ್ವಂತ ಮನೆ?' ಉತ್ತರ: 'ಸದ್ಯಕ್ಕಿಲ್ಲ, ಅತ್ತೆ.' ಇಲ್ಲಿಗೆ ಬಾಯಿ ಮುಚ್ಚಬೇಕು. 'ಆದರೆ' ಎಂದು ಮುಂದುವರಿಸಿದರೆ ಸಾಲದ ಬಡ್ಡಿ, ಮಕ್ಕಳ ಫೀಸು, ಹೆಂಡತಿಯ ಟ್ರಾನ್ಸ್‌ಫರ್ ಎಲ್ಲವೂ ಹುಳಿ ಬರುವುದರೊಳಗೆ ಎಲೆಯ ಮೇಲಿರುತ್ತವೆ, ಎದುರು ಸಾಲಿನವರೂ ಸಲಹೆ ಕೊಡಲು ಶುರುಮಾಡುತ್ತಾರೆ. ಅತ್ತೆ ಮತ್ತೆ ಕೇಳಿದರೆ ಅದೇ ಉತ್ತರ, ಅದೇ ದನಿಯಲ್ಲಿ. ಮೂರನೇ ಸಲ ಕೇಳುವಷ್ಟರಲ್ಲಿ ಹೋಳಿಗೆ ಬಂದಿರುತ್ತದೆ. ತುಪ್ಪ ಹಾಕಿಸಿಕೊಳ್ಳಿ. ಇಲ್ಲಿ ಮಾತ್ರ ಪಕ್ಕದ ಎಲೆಯತ್ತ ಕಣ್ಣು ಹಾಯಿಸುವುದು ತಪ್ಪಲ್ಲ. ನಿಮಗೆ ಬಡಿಸದೆ ಮುಂದಕ್ಕೆ ಹೋದ ಪಲ್ಯ ಯಾವುದೆಂದು ತಿಳಿಯಲು ಬೇರೆ ದಾರಿಯಿಲ್ಲ.